ಕಣ್ಣು ಬೇಗ ಒಪ್ಪುತ್ತದೆ, ಕೈಗೆ ಸಮಯ ಬೇಕು

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ಬಂದು ಒಂದು ವೃಷಣ ತೆಗೆಸಿಕೊಂಡು, ಆ ಜಾಗಕ್ಕೆ ಕೃತಕದ್ದನ್ನು, ಅಂದರೆ ಇಂಪ್ಲಾಂಟ್ ಹಾಕಿಸಿಕೊಂಡವನು ನಾನು. ಅದಕ್ಕೆ ಹೊಂದಿಕೊಂಡ ಬಗ್ಗೆ ಇವತ್ತು ಮಾತಾಡುತ್ತೇನೆ.

ಮೊದಲು ಒಂದು ಪದದ ವಿಷಯ ಹೇಳಿಬಿಡುತ್ತೇನೆ. ವೃಷಣ ಅನ್ನೋದು ಡಾಕ್ಟರ ಚೀಟಿಯಲ್ಲಿ ಇರುವ ಮಾತು. ನಾವು ಆಡುವ ಮಾತಿನಲ್ಲಿ ಅದು ಬೀಜ. ಇವತ್ತು ನಾನು ಹಾಗೇ ಹೇಳುತ್ತೇನೆ, ಯಾರೂ ಮುಜುಗರ ಪಡಬೇಡಿ. ಈ ಪದ ಬಾಯಿಗೆ ಬರಲಿಲ್ಲ ಅನ್ನೋ ಒಂದೇ ಕಾರಣಕ್ಕೆ ನಾನು ಏಳು ವಾರ ಸುಮ್ಮನಿದ್ದೆ. ಸ್ನಾನ ಮಾಡುವಾಗ ಬಲಗಡೆಯ ಬೀಜದಲ್ಲಿ ಗಟ್ಟಿಯಾಗಿ ಒಂದು ಗಂಟು ಸಿಕ್ಕಿತ್ತು. ನೋವಿರಲಿಲ್ಲ. ನೋವಿಲ್ಲ ಅಂದಮೇಲೆ ಏನೂ ಇಲ್ಲ ಅಂದುಕೊಂಡೆ. ಆಗ ನನಗೆ 29 ವರ್ಷ. ಕ್ಯಾನ್ಸರ್ ಅಂದರೆ ವಯಸ್ಸಾದವರಿಗೆ ಬರುವ ಕಾಯಿಲೆ ಅಂತ ನನ್ನ ತಲೆಯಲ್ಲಿತ್ತು. ಆದರೆ ಬೀಜದ ಕ್ಯಾನ್ಸರ್ ಹಾಗಲ್ಲ, 15ರಿಂದ 40 ವಯಸ್ಸಿನವರಲ್ಲೇ ಜಾಸ್ತಿ.

ಒಳ್ಳೆಯ ಸುದ್ದಿಯೂ ಇದೆ. ಇದು ಬಹುಪಾಲು ಜನರಲ್ಲಿ ಪೂರ್ತಿ ವಾಸಿಯಾಗುವ ಕ್ಯಾನ್ಸರ್. 1970ರ ದಶಕದಲ್ಲಿ ಸಿಸ್‌ಪ್ಲಾಟಿನ್ ಅನ್ನುವ ಔಷಧ ಬಂದಮೇಲೆ, ದೇಹದ ಬೇರೆ ಕಡೆ ಹರಡಿದವರೂ ಗುಣವಾಗತೊಡಗಿದರು. ಹಾಗಾಗಿ ಆಪರೇಷನ್ ಆದವರ ಮುಂದೆ ಇನ್ನೂ ನಲವತ್ತು ಐವತ್ತು ವರ್ಷದ ಬದುಕು ಇರುತ್ತದೆ. ಆ ಬದುಕನ್ನು ಈ ಮೈಯಲ್ಲೇ ಕಳೆಯಬೇಕು. ಅದಕ್ಕೇ ಈ ಮಾತುಗಳು.

ಆಪರೇಷನ್‌ನಲ್ಲಿ ಬೀಜದ ಚೀಲವನ್ನು ಕೊಯ್ಯುವುದಿಲ್ಲ. ತೊಡೆಸಂದಿಗೆ ಸ್ವಲ್ಪ ಮೇಲೆ ಕೊಯ್ದು, ಬೀಜವನ್ನು ಅದರ ನಾಳದ ಸಮೇತ ಮೇಲಕ್ಕೆ ಎಳೆದು ತೆಗೆಯುತ್ತಾರೆ. ಚೀಲದ ಚರ್ಮವನ್ನು ಕೊಯ್ದರೆ ಕ್ಯಾನ್ಸರ್ ಕಣಗಳಿಗೆ ಹರಡಲು ಹೊಸ ದಾರಿ ಸಿಗಬಹುದು, ಅದಕ್ಕೆ ಹೀಗೆ. ಅದೇ ದಾರಿಯಲ್ಲಿ, ಅದೇ ದಿನ, ಇಂಪ್ಲಾಂಟ್ ಕೂಡ ಒಳಗೆ ಇಡಬಹುದು. ಬೇಕಾದರೆ ತಿಂಗಳು, ವರ್ಷ ಬಿಟ್ಟು ಇಡಿಸಿಕೊಳ್ಳಬಹುದು. ಬೇಡ ಅಂದರೆ ಬೇಡ. ಮೂರೂ ಸರಿಯಾದ ದಾರಿಗಳೇ.

ನನ್ನನ್ನು ಕೇಳಿದ್ದು ಆಪರೇಷನ್ ಹಿಂದಿನ ಸಂಜೆ. ಸಹಿ ಹಾಕಬೇಕಾದ ಕಾಗದಗಳ ನಡುವೆ ಒಂದು ಕಾಗದ. "ಕೃತಕದ್ದು ಹಾಕಬೇಕಾ? ಅದು ಬರೀ ನೋಡೋಕೆ ಅಷ್ಟೇ" ಅಂದರು. ಜೀವ ಉಳಿದರೆ ಸಾಕು ಅನ್ನಿಸುತ್ತಿದ್ದ ಹೊತ್ತು ಅದು. ಬೇಡ ಅಂದೆ. ಎರಡು ನಿಮಿಷದಲ್ಲಿ ಮುಗಿಯಿತು. ಅದಕ್ಕೆ ನನಗೆ ಇವತ್ತಿಗೂ ಬೇಸರವಿದೆ. ನಿರ್ಧಾರ ತಪ್ಪಾಯಿತು ಅಂತ ಹೇಳುತ್ತಿಲ್ಲ. ಆದರೆ ಯೋಚನೆ ಮಾಡೋಕೆ ಒಂದು ದಿನವನ್ನಾದರೂ ಕೊಡಬೇಕಿತ್ತು.

ಒಂದೂವರೆ ವರ್ಷ ಖಾಲಿ ಬಿಟ್ಟುಕೊಂಡೇ ಇದ್ದೆ. ನನಗೆ ಕೀಮೋ ಬೇಕಾಗಲಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನ್ ಅಂತ ನಿಗಾದಲ್ಲಿ ಇಟ್ಟಿದ್ದರು. ಖಾಲಿ ಅಂದರೆ ಹೇಗಿರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಚೀಲದ ಆ ಬದಿ ನಿಧಾನವಾಗಿ ಒಳಕ್ಕೆ ಎಳೆದುಕೊಂಡಿತು. ಉಳಿದ ಬೀಜ ಮಧ್ಯಕ್ಕೆ ಸರಿದು ಕೂತಿತು. ಕೆಲವರು ಇದಕ್ಕೇ ಒಗ್ಗಿಕೊಂಡು ಹಾಯಾಗಿ ಇರುತ್ತಾರೆ. ನನಗೆ ಆಗಲಿಲ್ಲ. ಕುಳಿತು ಏಳುವಾಗ, ಬಟ್ಟೆ ಬದಲಿಸುವಾಗ ಕೈ ತಾನಾಗಿ ಅಲ್ಲಿಗೆ ಹೋಗಿ ಹುಡುಕುತ್ತಿತ್ತು. ಹೆಂಡತಿಯ ಮುಂದೆ ದೀಪ ಆರಿಸುವುದು ರೂಢಿಯಾಯಿತು. ಅವಳು ಒಂದು ದಿನ ಕೇಳಿದಳು, "ಏನ್ರೀ, ನನ್ನಿಂದ ಏನನ್ನ ಮುಚ್ಚಿಡ್ತಾ ಇದ್ದೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಂಪ್ಲಾಂಟ್ ಬಗ್ಗೆ ಕೇಳೋಕೆ ಎರಡನೇ ಸಲ ಹೋದಾಗ ಸಿಕ್ಕ ಡಾಕ್ಟರು ಬೇರೆ. ಮೇಜಿನ ಡ್ರಾಯರ್‌ನಿಂದ ಮೂರು ಸೈಜಿನ ಮಾದರಿ ತೆಗೆದು ನನ್ನ ಅಂಗೈಗೆ ಇಟ್ಟರು. "ಒತ್ತಿ ನೋಡಿ, ಆತುರ ಇಲ್ಲ" ಅಂದರು. ಅಷ್ಟು ದಿನ ತಲೆಯೊಳಗೆ ಮಾತ್ರ ಇದ್ದ ವಸ್ತು ಕೈಗೆ ಬಂತು. ನಿಜ ಹೇಳುತ್ತೇನೆ, ಅರ್ಧ ಹೆದರಿಕೆ ಅಲ್ಲೇ ಹೋಯಿತು. ಹಾಕಿಸಿಕೊಂಡೆ.

ಇದರ ಚರಿತ್ರೆ ದೊಡ್ಡದು. 1941ರಲ್ಲಿ ಮೊದಲ ಸಲ ಇಟ್ಟದ್ದು ಲೋಹದ್ದು, ವೈಟಾಲಿಯಂ ಅನ್ನುವ ಮಿಶ್ರಲೋಹ. ಆಮೇಲೆ ಗಾಜು, ಪ್ಲಾಸ್ಟಿಕ್ಕು ಎಲ್ಲ ಪ್ರಯತ್ನಿಸಿದರು. 1970ರ ದಶಕದಲ್ಲಿ ಸಿಲಿಕೋನ್ ಜೆಲ್ ತುಂಬಿದ್ದು ಬಂತು. ಸ್ತನಗಳ ಸಿಲಿಕೋನ್ ಇಂಪ್ಲಾಂಟ್ ಬಗ್ಗೆ ಭಯ ಎದ್ದಾಗ, 1995ರಲ್ಲಿ ಅಮೆರಿಕದಲ್ಲಿ ಇವನ್ನೂ ಮಾರುಕಟ್ಟೆಯಿಂದ ತೆಗೆದರು. 2002ರಲ್ಲಿ ಉಪ್ಪುನೀರು, ಅಂದರೆ ಸಲೈನ್ ತುಂಬಿದ್ದಕ್ಕೆ ಅಲ್ಲಿ ಅನುಮತಿ ಸಿಕ್ಕಿತು. ಬೇರೆ ಕಡೆ ಜೆಲ್‌ನದ್ದು, ಪೂರ್ತಿ ಸಿಲಿಕೋನ್‌ನದ್ದು ಈಗಲೂ ಬಳಕೆಯಲ್ಲಿವೆ. ನಿಮಗೆ ಯಾವುದು ಹಾಕುತ್ತಾರೆ ಅಂತ ಕೇಳಿ, ಅದರ ವಿವರ ಬರೆದ ಕಾರ್ಡ್ ಕೊಟ್ಟರೆ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಎಲ್ಲಿ ಸ್ಕ್ಯಾನ್ ಮಾಡಿಸಿದರೂ ಮೊದಲೇ ಹೇಳಿ.

ಈಗ ಹೊಂದಿಕೊಳ್ಳುವ ವಿಷಯಕ್ಕೆ ಬರುತ್ತೇನೆ.

ಬ್ಯಾಂಡೇಜ್ ಬಿಚ್ಚಿ, ಊತ ಇಳಿದು, ಕನ್ನಡಿಯಲ್ಲಿ ನೋಡಿಕೊಂಡ ದಿನ ಕಣ್ಣು ತಕ್ಷಣ ಒಪ್ಪಿತು. ಎರಡು ಕಾಣುತ್ತಿದ್ದವು, ಅಷ್ಟೇ ಸಾಕಿತ್ತು ಕಣ್ಣಿಗೆ. ಕೈ ಒಪ್ಪಲಿಲ್ಲ. ನನ್ನ ಬೀಜವನ್ನು ಮುಟ್ಟಿದರೆ ಮೆತ್ತಗೆ, ಹಿಂಬದಿಯಲ್ಲಿ ದಾರದ ಸುರುಳಿಯಂಥದ್ದು ಬೆರಳಿಗೆ ಸಿಗುತ್ತದೆ. ಇಂಪ್ಲಾಂಟ್ ಸುತ್ತಲೂ ನುಣುಪು. ಸ್ವಲ್ಪ ಗಟ್ಟಿ. ಮೇಲೆ ನಾಳ ಇಲ್ಲ, ಹಿಂದೆ ಸುರುಳಿ ಇಲ್ಲ. ತಣ್ಣೀರು ಬಿದ್ದರೆ ನನ್ನದು ಸರಕ್ಕನೆ ಮೇಲೆ ಹೋಗುತ್ತದೆ. ಇನ್ನೊಂದು ಇದ್ದಲ್ಲೇ ಇರುತ್ತದೆ, ಏಕೆಂದರೆ ಅದನ್ನು ಎಳೆಯುತ್ತಿದ್ದ ಸ್ನಾಯು ನಾಳದ ಜೊತೆಯಲ್ಲೇ ಹೋಗಿದೆ. ಅದೂ ಅಲ್ಲದೆ ನನ್ನ ಇಂಪ್ಲಾಂಟ್ ಒಂದು ಬೆರಳಿನಷ್ಟು ಮೇಲಕ್ಕೆ ಕೂತಿದೆ. ಒಂದೂವರೆ ವರ್ಷದಲ್ಲಿ ಚರ್ಮ ಕುಗ್ಗಿತ್ತಲ್ಲ, ಜಾಗ ಕಡಿಮೆಯಾಗಿತ್ತು. ಹಾಕಿಸಿಕೊಂಡವರು ಸಾಮಾನ್ಯವಾಗಿ ಹೇಳುವ ದೂರು ಇವೇ ಎರಡು: ಗಟ್ಟಿ, ಮೇಲಕ್ಕೆ. ಮೊದಲೇ ತಿಳಿದಿದ್ದರೆ ಅಷ್ಟು ಬೇಸರವಾಗುವುದಿಲ್ಲ.

ನಾಲ್ಕನೇ ವಾರದ ಒಂದು ರಾತ್ರಿ ಮರೆಯೋಕೆ ಆಗಲ್ಲ. ಇಂಪ್ಲಾಂಟ್‌ನ ಕೆಳತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಒಂದು ಗಂಟು ಬೆರಳಿಗೆ ಸಿಕ್ಕಿತು. ಮೈ ತಣ್ಣಗಾಯಿತು. ಮತ್ತೆ ಬಂತು ಅಂದುಕೊಂಡೆ. ಬೆಳಗಾಗುವವರೆಗೆ ಬಚ್ಚಲ ದೀಪ ಹಾಕಿಕೊಂಡು ಅದನ್ನೇ ಮುಟ್ಟಿ ಮುಟ್ಟಿ ನೋಡಿದೆ. ಡಾಕ್ಟರು ಒಂದು ಸಲ ಮುಟ್ಟಿ, "ಇದು ಹೊಲಿಗೆ ರೀ" ಅಂದರು. ಮೇಲೆ ಸರಿಯದ ಹಾಗೆ ಇಂಪ್ಲಾಂಟ್‌ನ ತುದಿಯ ಪುಟ್ಟ ಕಿವಿಯಂಥ ಭಾಗಕ್ಕೆ ದಾರ ಪೋಣಿಸಿ ಚೀಲದ ಬುಡಕ್ಕೆ ಕಟ್ಟಿರುತ್ತಾರೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಆ ಚಿತ್ರ ಒಂದು ತಿಂಗಳು ಮೊದಲು ಸಿಕ್ಕಿದ್ದರೆ ಆ ರಾತ್ರಿ ನನಗೆ ಉಳಿಯುತ್ತಿತ್ತು. ಹಾಗಂತ ಗಂಟು ಕಂಡರೆ ಹೊಲಿಗೆ ಇರಬೇಕು ಅಂತ ನೀವೇ ತೀರ್ಮಾನ ಮಾಡಬೇಡಿ. ಡಾಕ್ಟರ ಬೆರಳು ಹೇಳಲಿ.

ತೊಡೆಯ ಒಳಬದಿಯಲ್ಲಿ ಅಂಗೈ ಅಗಲ ಜೋಮು ಹಿಡಿದ ಹಾಗಿತ್ತು. ಅಲ್ಲಿ ಹಾದುಹೋಗುವ ನರ ಕೊಯ್ಯುವಾಗ ನೊಂದಿರುತ್ತದೆ. ಈಗ ಬಹುಪಾಲು ಸರಿಹೋಗಿದೆ. ಭಾರ ಎತ್ತಬೇಡಿ ಅಂದದ್ದನ್ನು ಪಾಲಿಸಿದೆ, ಬಿಗಿಯಾದ ಒಳಚಡ್ಡಿ ಹಾಕಿಕೊಂಡೆ. ಇಷ್ಟು ದಿನ ಅಂತ ನಿಮ್ಮ ಡಾಕ್ಟರೇ ಹೇಳುತ್ತಾರೆ. ಕೆಂಪಾದರೆ, ಜ್ವರ ಬಂದರೆ, ಕೀವು ಬಂದರೆ, ಇಂಪ್ಲಾಂಟ್ ಮೇಲಿನ ಚರ್ಮ ತೆಳ್ಳಗಾಗಿ ಹೊಳೆಯತೊಡಗಿದರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ. ಸೋಂಕು ತಗುಲಿದರೆ ಹೆಚ್ಚಾಗಿ ತೆಗೆಯಬೇಕಾಗುತ್ತದೆ. ಅಪರೂಪ, ಆದರೆ ಆಗುತ್ತದೆ.

ಇನ್ನು ಹೆಂಡತಿಯ ವಿಷಯ. ದೀಪ ಆರಿಸದ ಮೊದಲ ರಾತ್ರಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಮುಟ್ಟಿದ್ರೆ ನಿಮಗೆ ಗೊತ್ತಾಗುತ್ತಾ?" "ಚರ್ಮಕ್ಕೆ ಗೊತ್ತಾಗುತ್ತೆ, ಒಳಗೆ ಗೊತ್ತಾಗಲ್ಲ" ಅಂದೆ. ಹೇಳಿದ ಮೇಲೆ ನನಗೇ ಹಗುರವಾಯಿತು. ಹೆಂಡತಿಯರು, ಸಂಗಾತಿಗಳು ಇಲ್ಲಿ ಬಂದಿದ್ದೀರಿ. ಹೀಗೆ ನೇರವಾಗಿ ಕೇಳಿ. ನಿಮ್ಮ ಮೌನವನ್ನು ನಾವು ಅಸಹ್ಯ ಅಂತ ಓದಿಕೊಳ್ಳುತ್ತೇವೆ. ನಮ್ಮ ಮೌನವನ್ನು ನೀವು ದೂರ ಅಂತ ಓದಿಕೊಳ್ಳುತ್ತೀರಿ.

ಅನೇಕರು ಗುಟ್ಟಾಗಿ ಕೇಳುವುದಕ್ಕೂ ಇಲ್ಲೇ ಉತ್ತರ ಕೊಡುತ್ತೇನೆ. ಇಂಪ್ಲಾಂಟ್ ಹಾರ್ಮೋನು ಕೊಡುವುದಿಲ್ಲ, ವೀರ್ಯಾಣು ಮಾಡುವುದಿಲ್ಲ. ಆ ಕೆಲಸವನ್ನು ಉಳಿದ ಒಂದು ಬೀಜ ಸಾಮಾನ್ಯವಾಗಿ ಒಂದೇ ಮಾಡಿಕೊಂಡು ಹೋಗುತ್ತದೆ. ಗಂಡಸುತನ ಎರಡರ ಲೆಕ್ಕದ ಮೇಲೆ ನಿಂತಿಲ್ಲ. ಆದರೂ ಸುಸ್ತು ಬಿಡದೆ ಕಾಡಿದರೆ, ಆಸಕ್ತಿ ಕುಗ್ಗಿದರೆ, ಬೆಳಗಿನ ಹೊತ್ತು ಟೆಸ್ಟೋಸ್ಟಿರಾನ್ ಪರೀಕ್ಷೆ ಮಾಡಿಸಿ. ಕಮ್ಮಿಯಿದ್ದರೆ ಚಿಕಿತ್ಸೆ ಇದೆ. ಮಕ್ಕಳು ಬೇಕು ಅನ್ನುವವರು ಕ್ಯಾನ್ಸರ್ ಚಿಕಿತ್ಸೆ ಶುರುವಾಗುವ ಮೊದಲೇ ವೀರ್ಯ ಶೇಖರಿಸಿಡುವ ಬಗ್ಗೆ ಕೇಳಿ. ಅವರು ಹೇಳಲಿ ಅಂತ ಕಾಯಬೇಡಿ.

ನನ್ನ ಕೈ ಒಪ್ಪಿದ್ದು ಎಂಟು ತಿಂಗಳಿಗೆ. ಒಂದು ದಿನ ಅಂತ ಗುರುತು ಮಾಡಿ ಹೇಳೋಕೆ ಆಗಲ್ಲ. ಕುಳಿತು ಏಳುವಾಗ ಕೈ ಅಲ್ಲಿಗೆ ಹೋಗುವುದು ನಿಂತಿದೆ ಅಂತ ಆಮೇಲೆ ಯಾವಾಗಲೋ ಗಮನಕ್ಕೆ ಬಂತು. ಈಗ ತಿಂಗಳಿಗೊಮ್ಮೆ, ಬಿಸಿನೀರ ಸ್ನಾನವಾದ ಮೇಲೆ, ಬೇಕೆಂದೇ ಮುಟ್ಟಿ ನೋಡುತ್ತೇನೆ. ಪರೀಕ್ಷೆ ಮಾಡುವುದು ಎಡಗಡೆಯದನ್ನು. ಒಂದು ಕಡೆ ಬಂದವರಿಗೆ ಇನ್ನೊಂದು ಕಡೆ ಬರುವ ಸಾಧ್ಯತೆ ಚಿಕ್ಕದು, ಆದರೆ ಇದೆ.

ಡಾಕ್ಟರುಗಳಿಗೆ, ನರ್ಸ್‌ಗಳಿಗೆ ನನ್ನ ಬೇಡಿಕೆ ಒಂದೇ. ಸಹಿಗಿಂತ ಮೊದಲು ಮಾದರಿಯನ್ನು ಅಂಗೈಗೆ ಇಡಿ. ಬೇಕು ಅನ್ನುವವರು ಬೇಕು ಅನ್ನಲಿ, ಬೇಡ ಅನ್ನುವವರು ಬೇಡ ಅನ್ನಲಿ, ಹಿಡಿದು ನೋಡಿ ಹೇಳಲಿ.

ಒಂದನ್ನು ನಾನೂ ತಂದಿದ್ದೇನೆ. ಈ ಸಾಲಿನಿಂದ ಕೊಡುತ್ತೇನೆ, ಒಬ್ಬರಿಂದ ಒಬ್ಬರಿಗೆ ದಾಟಿಸಿ. ಕಣ್ಣು ಮುಚ್ಚಿ ಒತ್ತಿ ನೋಡಿ. ಕೆಳತುದಿಯಲ್ಲಿ ಆ ಪುಟ್ಟ ಕಿವಿ ಸಿಗುತ್ತದೆ, ಅದನ್ನೂ ಬೆರಳಿಂದ ಮುಟ್ಟಿ. ಎದ್ದು ನಿಂತು ಕೇಳೋಕೆ ಸಂಕೋಚ ಆದರೆ ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಬೇಡ.