ಕೊಕ್ಕಿನ ಹತ್ತಿರ ಒಂದು ಕಪ್ಪು ಗೆರೆ

ಕೇಳುಗರಿಗೆ ನಮಸ್ಕಾರ.

ಬ್ರಾಕಿಯೋಪಾಡ್ ಅಂದರೆ ಎರಡು ಚಿಪ್ಪುಗಳ ಒಳಗೆ ಬದುಕುವ ಒಂದು ಕಡಲ ಜೀವಿ. ಅದರ ಪಳೆಯುಳಿಕೆ ಕೈಗೆ ಸಿಕ್ಕರೆ ಅದು ಕಪ್ಪೆಚಿಪ್ಪೋ ಅಲ್ಲವೋ ಎಂದು ಹೇಳುವುದು ಅಷ್ಟು ಕಷ್ಟವಲ್ಲ. ಕಪ್ಪೆಚಿಪ್ಪಿನ ಎರಡು ಚಿಪ್ಪುಗಳು ಸಾಮಾನ್ಯವಾಗಿ ಒಂದಕ್ಕೊಂದು ಜೋಡಿ. ಬ್ರಾಕಿಯೋಪಾಡಿನಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಆದರೆ ಒಂದೊಂದರಲ್ಲೂ ಎಡ ಬಲ ಒಂದೇ ಥರ ಇರುತ್ತದೆ. ದೊಡ್ಡ ಚಿಪ್ಪಿನ ತುದಿಯಲ್ಲಿ ಕೊಕ್ಕು, ಕೊಕ್ಕಿನಲ್ಲೊಂದು ತೂತು. ಜೀವಿ ತೊಟ್ಟು ಚಾಚಿ ಬಂಡೆಗೆ ಅಂಟಿಕೊಳ್ಳುತ್ತಿದ್ದದ್ದು ಅಲ್ಲಿಂದಲೇ.

ನಿಜವಾದ ಕಷ್ಟ ಬ್ರಾಕಿಯೋಪಾಡುಗಳನ್ನೇ ಒಂದರಿಂದ ಒಂದು ಬೇರೆ ಮಾಡುವಾಗ ಬರುತ್ತದೆ. ಲೋಬೋಥೈರಿಸ್, ಝೈಲೇರಿಯಾ ಎಂಬ ಎರಡು ಗುಂಪುಗಳಿವೆ. ಎರಡೂ ಜುರಾಸಿಕ್ ಕಾಲದವು, ಎರಡೂ ನುಣುಪು, ಮೊಟ್ಟೆಯಂಥ ಆಕಾರ. ನಾನು ತುಂಬಾ ದಿನ ಇವೆರಡನ್ನೂ ಒಂದೇ ಡಬ್ಬಿಗೆ ಹಾಕಿಟ್ಟಿದ್ದೆ. ಒಮ್ಮೆ ಮಣ್ಣು ಹೋಗಲಿ ಅಂತ ನೀರಲ್ಲಿ ತೊಳೆದೆ. ಒದ್ದೆಯಾದಾಗ ಕೆಲವದರ ಚಿಕ್ಕ ಚಿಪ್ಪಿನ ಮೇಲೆ, ಕೊಕ್ಕಿನ ಕಡೆಯಿಂದ ನಡುವೆ ಇಳಿಯುವ ಒಂದು ಕಪ್ಪು ಗೆರೆ ಕಂಡಿತು. ಅದು ಮೇಲಿನ ಗೆರೆಯಲ್ಲ. ಒಳಗಿರುವ ತೆಳು ಗೋಡೆ ಚಿಪ್ಪಿನ ಮೂಲಕ ಕಾಣುತ್ತಿತ್ತು. ಝೈಲೇರಿಯಾಕ್ಕೆ ಈ ಗೋಡೆ ಉಂಟು, ಲೋಬೋಥೈರಿಸ್‌ಗೆ ಇಲ್ಲ. ದೊಡ್ಡ ಚಿಪ್ಪನ್ನು ತಿರುಗಿಸಿದರೆ ಝೈಲೇರಿಯಾದ ಕೊಕ್ಕಿನಲ್ಲಿ ಇನ್ನೆರಡು ಗೆರೆಗಳು. ಕೀಲಿನ ಹಲ್ಲುಗಳನ್ನು ಹೊತ್ತು ನಿಂತ ಹಾಳೆಗಳವು. ಆವತ್ತು ಇಡೀ ಡಬ್ಬಿಯನ್ನು ಮತ್ತೆ ಸುರಿದು ವಿಂಗಡಿಸಿದೆ!

ಒಮ್ಮೆ ಕಣ್ಣು ಪಳಗಿದರೆ ಬೇರೆ ಗುರುತುಗಳೂ ಕಾಣುತ್ತವೆ. ಝೈಲೇರಿಯಾದ ಕೊಕ್ಕಿನ ಪಕ್ಕದ ಅಂಚು ಚೂಪು, ತೂತು ಚಿಕ್ಕದು. ಲೋಬೋಥೈರಿಸ್‌ನಲ್ಲಿ ಅಂಚು ದುಂಡಗೆ, ತೂತು ದೊಡ್ಡದು. ಭೂತಗನ್ನಡಿ ಹಿಡಿದರೆ ಎರಡರ ಮೇಲೂ ಸೂಜಿಮೊನೆಯಂಥ ರಂಧ್ರಗಳು ಕಾಣುತ್ತವೆ. ಹಾಗಾಗಿ ಇಲ್ಲಿ ಅದು ಉಪಯೋಗಕ್ಕಿಲ್ಲ. ಆದರೆ ಏಣುಗಳು ಎದ್ದು ಕಾಣುವ ರಿಂಕೊನೆಲ್ಲಿಡ್ ಗುಂಪಿನಲ್ಲಿ ಈ ರಂಧ್ರಗಳು ಸಾಮಾನ್ಯವಾಗಿ ಇರುವುದಿಲ್ಲ.

ರಿಂಕೊನೆಲ್ಲಿಡ್‌ಗಳಲ್ಲಿ ಏಣು ಎಣಿಸಿ ಜಾತಿ ಹೇಳುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ದಯವಿಟ್ಟು ಅಷ್ಟನ್ನೇ ನಂಬಬೇಡಿ. ಒಂದೇ ಜಾತಿಯಲ್ಲೂ ಏಣುಗಳ ಲೆಕ್ಕ ಹೆಚ್ಚು ಕಡಿಮೆ ಆಗುತ್ತದೆ. ಮರಿ ಚಪ್ಪಟೆ ಇರುತ್ತದೆ, ಬೆಳೆದದ್ದು ಉಬ್ಬುತ್ತದೆ. ಬೆಳವಣಿಗೆಯ ಗೆರೆಗಳನ್ನು ಹಿಂದಕ್ಕೆ ಓದಿದರೆ ದೊಡ್ಡ ಚಿಪ್ಪಿನ ಮೇಲೇ ಅದರ ಮರಿ ಆಕಾರ ಸಿಗುತ್ತದೆ. ಒಂದೇ ಪದರದಿಂದ ಜಾಸ್ತಿ ಚಿಪ್ಪುಗಳನ್ನು ತಂದು ಸಾಲಾಗಿ ಇಟ್ಟು ನೋಡಿ.

ಹೊರಗಿನ ಗುರುತು ಸಾಲದಾದರೆ ಚಿಪ್ಪನ್ನು ಕೊಕ್ಕಿನ ಕಡೆಯಿಂದ ಸ್ವಲ್ಪ ಸ್ವಲ್ಪವೇ ತೇಯಬೇಕು. ಪ್ರತಿ ಸಲ ಕಂಡದ್ದನ್ನು ಚಿತ್ರ ಬರೆದುಕೊಳ್ಳಬೇಕು. ಆ ಚಿಪ್ಪು ಮತ್ತೆ ಸಿಗುವುದಿಲ್ಲ. ಅದಕ್ಕೇ ಮೊದಲೇ ಅಳತೆ, ಫೋಟೋ, ಅಚ್ಚು ಎಲ್ಲ ತೆಗೆದಿಡುತ್ತಾರೆ. ಹೀಗೆ ತೇಯುತ್ತಾ ಹೋದಾಗ ಒಳಗಿನ ಸುಣ್ಣದ ಕುಣಿಕೆ, ಅಂದರೆ ಜೀವಿ ಆಹಾರ ಹಿಡಿಯುವ ಅಂಗಕ್ಕೆ ಆಸರೆಯಾಗಿದ್ದ ಪಟ್ಟಿ, ತುಂಡು ತುಂಡಾಗಿ ಕಾಣುತ್ತದೆ. ಲೋಬೋಥೈರಿಸ್‌ನಲ್ಲಿ ಅದು ಗಿಡ್ಡ, ಕೊಕ್ಕಿನಿಂದ ಬಹಳ ದೂರ ಹೋಗುವುದಿಲ್ಲ. ಝೈಲೇರಿಯಾದಲ್ಲಿ ಮುಂದಿನ ಅಂಚಿನ ಕಡೆ ಉದ್ದಕ್ಕೆ ಚಾಚಿ, ಮತ್ತೆ ಹಿಂದಕ್ಕೆ ಮಡಚಿಕೊಂಡಿರುತ್ತದೆ.

ನಮಸ್ಕಾರ.