ಬ್ಯಾಂಕಿನ ಬೀಗದ ಕೈ ಯಾರ ಹತ್ತಿರ ಇತ್ತು?

1936ರ ಜುಲೈ 20, ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ಬಾರ್ಸಿಲೋನಾ. ಹಿಂದಿನ ದಿನ ದಂಗೆಯೆದ್ದ ಸೈನ್ಯವನ್ನು ಬೀದಿಯಲ್ಲೇ ಅಡ್ಡಗಟ್ಟಿ ಮಣಿಸಿದ ಕಾರ್ಮಿಕ ಮುಂದಾಳುಗಳು ಬಂದೂಕು ಹಿಡಿದೇ ಕ್ಯಾಟಲೋನಿಯಾ ಸರ್ಕಾರದ ಅರಮನೆಗೆ ಬಂದಿದ್ದಾರೆ. ಆ ಸರ್ಕಾರದ ಅಧ್ಯಕ್ಷ ಕೊಂಪಾನಿಸ್ ಈ ಮುಂದಾಳುಗಳಿಗೆ ಏನು ಹೇಳಿದರು ಅನ್ನೋದನ್ನ ಆ ಗುಂಪಿನಲ್ಲಿದ್ದ ಗಾರ್ಸಿಯಾ ಒಲಿವೆರ್ ಆಮೇಲೆ ಬರೆದಿಟ್ಟರು. ಸಾರಾಂಶ ಇಷ್ಟು: ಊರು ಈಗ ನಿಮ್ಮ ಕೈಯಲ್ಲಿದೆ, ನಾನು ಬೇಡವಾದರೆ ಈಗಲೇ ಹೇಳಿಬಿಡಿ.

ಅವರು ಬೇಡ ಅನ್ನಲಿಲ್ಲ. ಅಧ್ಯಕ್ಷರು ಕುರ್ಚಿಯಲ್ಲೇ ಉಳಿದರು.

ಪ್ರಭುತ್ವವೇ ಇರಬಾರದು ಅಂತ ದಶಕಗಳ ಕಾಲ ಜೈಲು, ಗುಂಡು, ಗಡೀಪಾರು ಎಲ್ಲ ಅನುಭವಿಸಿದ ಅರಾಜಕತಾವಾದಿ ಕಾರ್ಮಿಕ ಸಂಘಗಳ ಒಕ್ಕೂಟ ಸಿಎನ್‌ಟಿಯವರು ಅವರು. ಆ ಜನರ ಧೈರ್ಯದ ಬಗ್ಗೆ ನನಗೆ ತುಂಬ ಗೌರವ ಇದೆ. ಹಾಗಾಗಿಯೇ ಈ ಪ್ರಶ್ನೆ ಕೇಳಲೇಬೇಕು: ಪ್ರಭುತ್ವ ಕುಸಿದು ಬಿದ್ದ ಮರುದಿನ ಬೆಳಿಗ್ಗೆ ಏನು ಮಾಡಬೇಕು ಅಂತ ಅವರು ಯಾಕೆ ತೀರ್ಮಾನಿಸಿಟ್ಟುಕೊಂಡಿರಲಿಲ್ಲ?

ಎರಡೇ ತಿಂಗಳ ಹಿಂದೆ, ಮೇನಲ್ಲಿ, ಸಾರಾಗೋಸಾದಲ್ಲಿ ಅವರ ಮಹಾಧಿವೇಶನ ನಡೆದಿತ್ತು. ಮುಂದಿನ ಸಮಾಜ ಹೇಗಿರಬೇಕು ಅಂತ ಅಲ್ಲಿ ಉದ್ದನೆಯ ನಿರ್ಣಯವನ್ನೇ ಅಂಗೀಕರಿಸಿದರು. ಊರೂರಿನ ಕಮ್ಯೂನು (ತನ್ನನ್ನು ತಾನೇ ಆಳಿಕೊಳ್ಳುವ ಸಮುದಾಯ), ಅವುಗಳ ಒಕ್ಕೂಟ, ಶಿಕ್ಷಣ, ಗಂಡು-ಹೆಣ್ಣಿನ ಸಂಬಂಧ. ಬಟ್ಟೆ ತೊಡದೆ ಪ್ರಕೃತಿಯಲ್ಲಿ ಬಾಳಬಯಸುವವರ ಕಮ್ಯೂನಿಗೂ ಅದರಲ್ಲಿ ಜಾಗ ಇತ್ತು. ರಕ್ಷಣೆಯ ವಿಷಯಕ್ಕೆ ಬಂದರೆ, ಶಸ್ತ್ರ ಹಿಡಿದ ಜನರೇ ದೊಡ್ಡ ಕಾವಲು ಅನ್ನುವ ಮಾತು. ಬ್ಯಾಂಕನ್ನು ಯಾರು ವಶಕ್ಕೆ ತಗೊಳ್ಳಬೇಕು, ಹೊರದೇಶದ ಹಣ ಎಲ್ಲಿಂದ ಬರಬೇಕು, ಬೇರೆ ಪಕ್ಷದವರ ಜೊತೆ ಅಧಿಕಾರ ಹೇಗೆ ಹಂಚಿಕೊಳ್ಳಬೇಕು ಅನ್ನೋದಕ್ಕೆ ಕೈಗೆತ್ತಿಕೊಂಡು ಮಾಡುವಂಥ ಯೋಜನೆ ಇರಲಿಲ್ಲ. ಹಾಗಾಗಿ ಜುಲೈನಲ್ಲಿ ಅವಸರದ ಸಭೆ ಸೇರಿದಾಗ ಒಲಿವೆರ್ ಎರಡೇ ದಾರಿ ಕಂಡರು: ಒಂದೋ ಅರಾಜಕತಾವಾದಿ ಸರ್ವಾಧಿಕಾರ, ಇಲ್ಲವೇ ಎಲ್ಲ ಪಕ್ಷಗಳ ಜೊತೆ ಸಹಕಾರ. ಪೂರ್ತಿ ಮುಂದೆ ಹೋಗೋಣ, ಅಂದರೆ ಮೊದಲ ದಾರಿಯನ್ನೇ ಹಿಡಿಯೋಣ ಅಂತ ಒಲಿವೆರ್ ಜೊತೆ ಪಟ್ಟು ಹಿಡಿದದ್ದು ಬಾರ್ಸಿಲೋನಾ ಪಕ್ಕದ ಬಾಯ್ಶ್ ಯೊಬ್ರೆಗಾತ್ ಭಾಗದ ಪ್ರತಿನಿಧಿಗಳು ಮಾತ್ರ. ಉಳಿದವರು ಸಹಕಾರಕ್ಕೆ ಕೈ ಎತ್ತಿದರು.

ಆ ಸಹಕಾರದ ಲೆಕ್ಕ ನೋಡಿ. ಹೊಸ ಸೇನಾಪಡೆಗಳ ಕೇಂದ್ರ ಸಮಿತಿಯಲ್ಲಿ 15 ಸ್ಥಾನ. ಸಿಎನ್‌ಟಿಗೆ 3, ಅದರ ಜೊತೆಗಾರ ಅರಾಜಕತಾವಾದಿ ಒಕ್ಕೂಟ ಎಫ್‌ಎಐಗೆ 2. ಬಾರ್ಸಿಲೋನಾದಲ್ಲಿ ಆಗ ಸಿಎನ್‌ಟಿ ಮುಂದೆ ಎಷ್ಟೋ ಚಿಕ್ಕದಾಗಿದ್ದ ಸಮಾಜವಾದಿ ಕಾರ್ಮಿಕ ಒಕ್ಕೂಟ ಯುಜಿಟಿಗೂ 3, ಕೊಂಪಾನಿಸ್ ಪಕ್ಷಕ್ಕೂ 3. ನಾವು ಅಲ್ಪಸಂಖ್ಯಾತರಾಗಿರುವ ಕಡೆ ನಮ್ಮನ್ನೂ ಹೀಗೇ ನಡೆಸಿಕೊಳ್ಳಲಿ ಅನ್ನುವ ಆಸೆ ಇದರ ಹಿಂದೆ ಇತ್ತು. ಒಳ್ಳೆಯ ಮನಸ್ಸು, ಒಪ್ಪುತ್ತೇನೆ. ಆದರೆ ಎದುರಿನವರು ಅದೇ ಮಾತಿಗೆ ಬದ್ಧರಾಗುವ ಒಪ್ಪಂದವನ್ನು ಯಾರೂ ಬರೆಸಿಕೊಳ್ಳಲಿಲ್ಲ.

ಇನ್ನು ಹಣ. ನನ್ನ ಪ್ರಕಾರ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಕಾರ್ಖಾನೆಗಳನ್ನು ಕಾರ್ಮಿಕರು ಚೆನ್ನಾಗಿಯೇ ನಡೆಸಿದರು. ಬಾರ್ಸಿಲೋನಾದ ಟ್ರಾಮ್‌ಗಳು ಕೆಲವೇ ದಿನಗಳಲ್ಲಿ ಕೆಂಪು-ಕಪ್ಪು ಬಣ್ಣ ಬಳಿದುಕೊಂಡು ಮತ್ತೆ ಓಡಿದವು. ಆದರೆ ಒಂದು ಬಟ್ಟೆ ಗಿರಣಿಯನ್ನು ಕಣ್ಮುಂದೆ ತಂದುಕೊಳ್ಳಿ. ಮಗ್ಗ ಇದೆ, ನೇಯುವವರಿದ್ದಾರೆ. ಹತ್ತಿ ಹೊರದೇಶದಿಂದ ಬರಬೇಕು, ಅದಕ್ಕೆ ವಿದೇಶಿ ಹಣ ಬೇಕು. ಹಣ ಇರೋದು ಬ್ಯಾಂಕಿನಲ್ಲಿ, ಬ್ಯಾಂಕು ಇರೋದು ಸರ್ಕಾರದ ಹತ್ತಿರ. ನೇಯ್ದ ಬಟ್ಟೆ ಕೊಳ್ಳುತ್ತಿದ್ದ ಅರ್ಧ ದೇಶ ದಂಗೆಯೆದ್ದ ಸೈನ್ಯದ ಜನರಲ್ ಫ್ರಾಂಕೋ ಕೈಯಲ್ಲಿ. ದಾಸ್ತಾನಿದ್ದ ಹತ್ತಿ ಮುಗಿದ ದಿನ ಗಿರಣಿಯ ಕಾರ್ಮಿಕ ಸಮಿತಿ ಸಾಲಕ್ಕಾಗಿ ಅದೇ ಸರ್ಕಾರದ ಬಾಗಿಲಿಗೆ ಹೋಗಿ ನಿಲ್ಲಬೇಕು. ಬ್ಯಾಂಕ್ ಆಫ್ ಸ್ಪೇನ್‌ನ ಸುಮಾರು 510 ಟನ್ ಚಿನ್ನ ಅಕ್ಟೋಬರಿನಲ್ಲಿ ಕಾರ್ತಾಹೇನಾ ಬಂದರಿನಿಂದ ಸೋವಿಯತ್ ಒಕ್ಕೂಟಕ್ಕೆ ಹಡಗು ಹತ್ತಿತು. ಅದರ ಬಗ್ಗೆ ಗಿರಣಿಯವರನ್ನು ಕೇಳಿದವರು ಯಾರು?

ಕಾರ್ಖಾನೆಗಳ ನಡುವೆಯೂ ತಾರತಮ್ಯ ಹುಟ್ಟಿತು. ಯಂತ್ರ, ದಾಸ್ತಾನು ಚೆನ್ನಾಗಿದ್ದ ಕಡೆ ಕೂಲಿ ಏರಿತು; ಸಾಲದಲ್ಲಿ ಮುಳುಗಿದ್ದನ್ನು ವಹಿಸಿಕೊಂಡವರಿಗೆ ಸಾಲವೇ ಆಸ್ತಿ. ಕ್ಯಾಟಲೋನಿಯಾ ಸರ್ಕಾರದ ಅಕ್ಟೋಬರ್ 24ರ ಆದೇಶ 100ಕ್ಕಿಂತ ಹೆಚ್ಚು ಕೆಲಸಗಾರರಿದ್ದ ಉದ್ಯಮಗಳನ್ನು ಸಾಮೂಹಿಕ ಒಡೆತನಕ್ಕೆ ತಂದಿತು, ಜೊತೆಗೇ ಅವನ್ನು ಸರ್ಕಾರದ ಹಿಡಿತಕ್ಕೂ ಎಳೆದುಕೊಂಡಿತು.

ನವೆಂಬರ್ 4ರಂದು ಒಲಿವೆರ್ ಸೇರಿ ಸಿಎನ್‌ಟಿಯ ನಾಲ್ವರು ಅರಾಜಕತಾವಾದಿಗಳು ಸ್ಪೇನಿನ ಕೇಂದ್ರ ಸರ್ಕಾರದಲ್ಲಿ ಮಂತ್ರಿಗಳಾದರು. ಅವರಲ್ಲಿ ಫೆದೆರಿಕಾ ಮೊಂತ್ಸೆನಿ ಸ್ಪೇನಿನ ಮೊದಲ ಮಂತ್ರಿಣಿ. ಮಾತುಕತೆ ನಡೆಸಿದ್ದು ಮುಖ್ಯವಾಗಿ ಸಿಎನ್‌ಟಿಯ ರಾಷ್ಟ್ರೀಯ ಕಾರ್ಯದರ್ಶಿ ಒರಾಸಿಯೊ ಪ್ರಿಯೆತೊ; ಕೆಳಗಿನ ಸಂಘಗಳಲ್ಲಿ ಅದರ ಚರ್ಚೆಯೇ ಆಗಲಿಲ್ಲ. ನನಗೆ ಅತ್ಯಂತ ನೋವು ಕೊಡುವ ಭಾಗ ಇದು. ಪ್ರತಿನಿಧಿ ಕೆಳಗಿನವರ ಮಾತನ್ನಷ್ಟೇ ಹೊತ್ತು ಹೋಗಬೇಕು, ತಪ್ಪಿದರೆ ವಾಪಸ್ ಕರೆಸಬೇಕು ಅನ್ನುವ ನಿಯಮ ಅವರದೇ. ದೊಡ್ಡ ತೀರ್ಮಾನಗಳ ಹೊತ್ತಿಗೆ ಅದು ಕೆಲಸಕ್ಕೆ ಬರಲಿಲ್ಲ, ಯಾಕೆಂದರೆ ಎರಡೇ ದಿನದಲ್ಲಿ ತೀರ್ಮಾನಿಸಬೇಕಾದಾಗ ಯಾರನ್ನು ಕೇಳಬೇಕು, ಆಮೇಲೆ ಯಾರಿಗೆ ಲೆಕ್ಕ ಒಪ್ಪಿಸಬೇಕು ಅನ್ನುವ ವ್ಯವಸ್ಥೆ ಇರಲಿಲ್ಲ. ಆ ಜಾಗವನ್ನು ಹೆಸರಿದ್ದ ನಾಲ್ಕೈದು ಮಂದಿ ತುಂಬಿದರು.

ಇದು ಹಳೇ ಕಥೆ ಅಂತ ಬಿಡುವಂತಿಲ್ಲ. 2011ರಲ್ಲಿ ನ್ಯೂಯಾರ್ಕಿನ ಜುಕೋಟಿ ಪಾರ್ಕಿನಲ್ಲಿ ಬೀಡುಬಿಟ್ಟ ‘ಆಕ್ಯುಪೈ ವಾಲ್ ಸ್ಟ್ರೀಟ್’ ಚಳವಳಿಯ ಸಭೆಗಳಲ್ಲಿ ಎಲ್ಲರೂ ಒಪ್ಪಬೇಕು, ಆಗದಿದ್ದರೆ 90% ಒಪ್ಪಬೇಕು ಅನ್ನುವ ನಿಯಮ ಇತ್ತು. ಮೈಕ್ ಇಲ್ಲದ್ದರಿಂದ ಒಬ್ಬರ ಮಾತನ್ನು ಸುತ್ತಲಿನವರೆಲ್ಲ ಸಾಲು ಸಾಲಾಗಿ ಕೂಗಿ ಹೇಳಬೇಕು. ಹೀಗೆ ಗಂಟೆಗಟ್ಟಲೆ ನಡೆಯುವ ಸಭೆಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು, ಮನೆಯಲ್ಲಿ ಮಗು ಇರುವವರು ಎಷ್ಟು ಹೊತ್ತು ಕೂತಾರು? ಕೊನೇವರೆಗೂ ಕೂರಬಲ್ಲವರದೇ ತೀರ್ಮಾನ.

ಬಾರ್ಸಿಲೋನಾಕ್ಕೆ ವಾಪಸ್ ಬರೋಣ. ಟೆಲಿಫೋನ್ ಕಚೇರಿ ಕಾರ್ಮಿಕ ಸಮಿತಿಯ ಕೈಯಲ್ಲಿತ್ತು. ಸರ್ಕಾರದ ಕರೆಗಳೂ ಅದರ ಮೂಲಕವೇ ಹೋಗಬೇಕಿತ್ತು. 1937ರ ಮೇ 3ರಂದು ಅದನ್ನು ವಶಪಡಿಸಿಕೊಳ್ಳಲು ಪೊಲೀಸರು ಲಾರಿಗಳಲ್ಲಿ ಬಂದರು. ಕಾರ್ಮಿಕರು ಬೀದಿಗೆ ಅಡ್ಡಗಟ್ಟೆ ಹಾಕಿದರು, ದಿನಗಟ್ಟಲೆ ಗುಂಡು ಹಾರಿತು, ನೂರಾರು ಜನ ಸತ್ತರು. ಆಗ ಬಂದೂಕು ಕೆಳಗಿಡಿ ಅಂತ ರೇಡಿಯೊದಲ್ಲಿ ಅವರನ್ನು ಬೇಡಿಕೊಂಡವರು ಮಂತ್ರಿ ಒಲಿವೆರ್ ಮತ್ತು ಮಂತ್ರಿ ಮೊಂತ್ಸೆನಿ. ಆ ತಿಂಗಳು ಮುಗಿಯುವ ಮೊದಲೇ ಸಿಎನ್‌ಟಿಯ ನಾಲ್ವರೂ ಸಂಪುಟದಿಂದ ಹೊರಗಿದ್ದರು.