ಅಮೆರಿಕದಲ್ಲಿ ಖಾಸಗಿ ಪತ್ತೇದಾರರನ್ನು ಗೊತ್ತುಮಾಡುವ ಮುನ್ನ

ಕೇಳುಗರಿಗೆ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿರುವ ವರನ ಜಾತಕ ಕೂಡಿಬಂದ ಮೇಲೆ, ಆತನಿಗೆ ಅಲ್ಲಿ ಮೊದಲೇ ಮದುವೆಯಾಗಿತ್ತೇ ಎಂದು ತಿಳಿಯಲು ನೆಂಟರಿಷ್ಟರ ಮಾತು ಸಾಲದೆ, ಬೆಂಗಳೂರಿನ ಹೆಣ್ಣಿನ ಮನೆಯವರು ಖಾಸಗಿ ಪತ್ತೇದಾರರ ಮೊರೆಹೋಗುವುದುಂಟು.

ನಮ್ಮ ದೇಶದಲ್ಲಿ ಈ ವೃತ್ತಿಗೆಂದೇ ಪರವಾನಗಿ ಕಾನೂನಿಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲಿಲ್ಲ. ಅಮೆರಿಕದಲ್ಲಿ ಇದು ಆಯಾ ರಾಜ್ಯಕ್ಕೆ ಬಿಟ್ಟ ವಿಷಯ. ವಯೋಮಿಂಗ್, ಸೌತ್ ಡಕೋಟಾಗಳಲ್ಲಿ ರಾಜ್ಯಮಟ್ಟದ ಪರವಾನಗಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಾದರೋ, ಸಂಬಳಕ್ಕೆ ದುಡಿದ 6,000 ಗಂಟೆಗಳ ತನಿಖಾ ಅನುಭವವನ್ನು ತೋರಿಸಿ (ಕಾನೂನು ಪದವೀಧರರಿಗೆ 4,000 ಗಂಟೆ ಸಾಕು), ಬೆರಳಚ್ಚು ಕೊಟ್ಟು, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಅಧೀನದ, ಬ್ಯೂರೋ ಆಫ್ ಸೆಕ್ಯುರಿಟಿ ಅಂಡ್ ಇನ್ವೆಸ್ಟಿಗೇಟಿವ್ ಸರ್ವೀಸಸ್ ಎಂಬ ಬ್ಯೂರೋ ಪರವಾನಗಿ ಕೊಡುತ್ತದೆ. ಆದ್ದರಿಂದ ದರ ವಿಚಾರಿಸುವ ಮೊದಲೇ ಪರವಾನಗಿ ಸಂಖ್ಯೆ ಕೇಳಿ. ಅದು ಊರ್ಜಿತವಾಗಿದೆಯೇ ಎಂಬುದನ್ನು ಬ್ಯೂರೋದ ಜಾಲತಾಣದಲ್ಲಿ ಕುಳಿತಲ್ಲೇ ನೋಡಬಹುದು.

ಪರವಾನಗಿ ಇದ್ದ ಮಾತ್ರಕ್ಕೆ ಪತ್ತೇದಾರ ಪೊಲೀಸನಾಗುವುದಿಲ್ಲ. ಮಾಲೀಕನ ಒಪ್ಪಿಗೆಯಿಲ್ಲದೆ ಕಾರಿಗೆ ಜಿಪಿಎಸ್ ಅಂಟಿಸುವುದು, ಇಬ್ಬರ ಗುಟ್ಟಿನ ಮಾತನ್ನು ಅವರಿಗೆ ತಿಳಿಯದಂತೆ ಮುದ್ರಿಸಿಕೊಳ್ಳುವುದು ಅಲ್ಲಿ ಅಪರಾಧ. ಸುಳ್ಳು ಹೇಳಿ ಬ್ಯಾಂಕ್ ವಿವರ ಪಡೆಯುವುದನ್ನು ನಿಷೇಧಿಸಿದ 1999ರ ಕೇಂದ್ರ ಕಾನೂನು, ಹಾಗೆ ತಂದುಕೊಡೆಂದು ತಿಳಿದೂ ಕೇಳಿದವರನ್ನೂ ಬಿಡುವುದಿಲ್ಲ. ಹುಡುಗನ ಖಾತೆಯಲ್ಲಿ ಎಷ್ಟಿದೆ ಎಂದು ನೋಡಿಬಿಡೋಣ ಎನ್ನುವವನನ್ನು ನಂಬಿದರೆ ನೀವೂ ಸಿಕ್ಕಿಬೀಳುತ್ತೀರಿ.

ಗಂಟೆಯ ದರ, ಮುಂಗಡ, ಓಡಾಟದ ಖರ್ಚು ಎಲ್ಲವೂ ಬರವಣಿಗೆಯಲ್ಲಿರಲಿ. ವರದಿಯನ್ನು ಓದುವಾಗಲೂ ಎಚ್ಚರ ಬೇಕು. ವಿಚ್ಛೇದನದ ಕಡತಗಳು ಸಾಮಾನ್ಯವಾಗಿ ಕೌಂಟಿ ನ್ಯಾಯಾಲಯದಲ್ಲಿ ಯಾರಿಗಾದರೂ ಸಿಗುತ್ತವೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಗೋಪ್ಯ ವಿವಾಹವೆಂಬ ಒಂದು ಬಗೆಯಿದ್ದು, ಅದರ ದಾಖಲೆ ಗಂಡಹೆಂಡಿರಿಗಲ್ಲದೆ ಬೇರೆಯವರಿಗೆ ನ್ಯಾಯಾಲಯದ ಆದೇಶವಿಲ್ಲದೆ ದೊರೆಯದು. ಹಾಗಾಗಿ, ಮದುವೆಯ ದಾಖಲೆ ಸಿಗಲಿಲ್ಲ ಎಂದು ಬರೆದಿದ್ದರೆ ಅದನ್ನು ಮದುವೆಯೇ ಆಗಿಲ್ಲವೆಂದು ಓದಿಕೊಳ್ಳಬಾರದು.

ಇನ್ನೊಂದು ಮಾತು. ಒಳ್ಳೆಯ ಪತ್ತೇದಾರ ಮೊದಲು ನಿಮ್ಮನ್ನೇ ಪ್ರಶ್ನಿಸುತ್ತಾನೆ: ನೀವು ಯಾರು, ಈ ವಿವರ ಯಾತಕ್ಕೆ ಎಂದು. 1989ರಲ್ಲಿ ನಟಿ ರೆಬೆಕಾ ಶಾಫರ್ ಅವರ ಬೆನ್ನುಬಿದ್ದಿದ್ದವನೊಬ್ಬ, ಅರಿಜೋನಾದ ಪತ್ತೇದಾರಿ ಸಂಸ್ಥೆಯೊಂದಕ್ಕೆ 250 ಡಾಲರ್ ತೆತ್ತು, ಕ್ಯಾಲಿಫೋರ್ನಿಯಾದ ವಾಹನ ಇಲಾಖೆಯ ದಾಖಲೆಯಿಂದ ಅವರ ಮನೆಯ ವಿಳಾಸ ತರಿಸಿಕೊಂಡು, ಬಾಗಿಲಲ್ಲೇ ಗುಂಡಿಕ್ಕಿ ಕೊಂದನು. ಆ ದಾಖಲೆಗಳಿಗೆ ಬೀಗ ಹಾಕುವ ಕೇಂದ್ರ ಕಾನೂನು ಬಂದದ್ದು 1994ರಲ್ಲಿ. ಹಣ ಕೊಡುವವರು ನಾವು, ಇವನೇನು ಕೇಳುವುದು ಎಂದು ಬೇಸರಿಸದೆ, ಅಂಥವನಿಗೇ ಕೆಲಸ ಒಪ್ಪಿಸಿ.